ರಾಜಹಂಸದ ಕಾಲಿನ ಬಣ್ಣ

ಕೆರೆ ಏರಿಯ ಮೇಲೂ ಅವರ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಸೆರಗಿನ ತುಂಬ ದಾರದ ಚೂರು. ಶಿರಾದ ನಮ್ಮ ಬೀದಿಯ ಟೈಲರಮ್ಮ. ನನಗೆ ಹೊಲಿಗೆ ಕಲಿಸಲು ಹೊರಟು, ಅದು ನನ್ನ ಕೈಗೆ ಹತ್ತದೆ, ಕೊನೆಗೆ ಹಕ್ಕಿ ನೋಡುವುದನ್ನು ಕಲಿಸಿದವರು.

ಬೇಸಿಗೆ ಮುಗಿಯುವ ಹೊತ್ತಿಗೆ ಮದಲೂರು ಕೆರೆ ಬತ್ತಿ, ನಡುವೆ ಉಳಿದ ಚೂರು ನೀರಿಗೆ ಹಕ್ಕಿಗಳೆಲ್ಲ ಬಂದು ಸೇರುತ್ತವೆ. ಭಾನುವಾರ ಬೆಳಿಗ್ಗೆ ನನ್ನ ಸ್ಕೂಟರಿನಲ್ಲಿ ಹೋಗುತ್ತಿದ್ದೆವು. ಕೊಕ್ಕು ಪೂರ್ತಿ ಮುಚ್ಚಲಾಗದ ಬಾಯ್ಕಳಕ ಕೊಕ್ಕರೆ ಕಂಡರೆ, "ನೋಡೇ, ಹುಕ್ಕು ಸರ್ಯಾಗಿ ಕೂತಿಲ್ಲ. ನೀನೇ ಹೊಲ್ದಿರ್ಬೇಕು!" ಎಂದು ಕಾಲೆಳೆಯುತ್ತಿದ್ದರು.

ಅವರಿಗಿದ್ದದ್ದು ಒಂದೇ ಆಸೆ, ರಾಜಹಂಸವನ್ನು, ಅದೇ ಫ್ಲೆಮಿಂಗೊವನ್ನು, ಕಣ್ಣಾರೆ ನೋಡಬೇಕು. ಕ್ಯಾಲೆಂಡರಿನಲ್ಲಿ ನೋಡಿದ್ದರು, ಆ ಗುಲಾಬಿ ಕಾಲನ್ನು ನಂಬಿರಲಿಲ್ಲ. "ಪ್ರಿಂಟ್ ಮಾಡೋನು ಮನ್ಸಿಗ್ ಬಂದಂಗೆ ಬಳ್ದಿರ್ತಾನೆ ಕಣೇ. ಬಣ್ಣಾನ ಬಿಸ್ಲಲ್ಲೇ ನೋಡ್ಬೇಕು."

ಮದುವೆ ಸೀಸನ್ನಿನ ಒಂದು ಭಾನುವಾರ, ರವಿಕೆಗಳ ರಾಶಿ ಬಿಟ್ಟು ಬರಲಾಗದೆ ನನ್ನೊಬ್ಬಳನ್ನೇ ಕಳಿಸಿದರು. ಅವತ್ತೇ ಬಂದಿರಬೇಕೆ! ಏಳು ರಾಜಹಂಸಗಳು. ಒಂದು ಫೋನು ಮಾಡಿದ್ದರೆ ಮಿಷನ್ನು ಬಿಟ್ಟು ಆಟೋ ಹಿಡಿದು ಬರುತ್ತಿದ್ದರು. ಪೆದ್ದಿ ನಾನು, ಫೋಟೊ ತೋರಿಸಿ ದಂಗುಬಡಿಸೋಣ ಎಂದುಕೊಂಡು ಬೆಳಿಗ್ಗೆಯೆಲ್ಲ ಮೊಬೈಲ್ ಹಿಡಿದೇ ನಿಂತಿದ್ದೆ.

ಅಂಗಡಿಗೆ ಹೋಗಿ ತೋರಿಸಿದಾಗ ಪೆಡಲಿನ ಮೇಲಿದ್ದ ಕಾಲು ನಿಂತಿತು. "ಒಂದ್ ಫೋನ್ ಮಾಡ್ಬಾರ್ದಾಗಿತ್ತೇನೇ?" ಎಂದರು. ರವಿಕೆಗಳನ್ನು ಹಾಗೇ ಬಿಟ್ಟು ಹೊರಟೇಬಿಟ್ಟರು. ಕೆರೆಯಲ್ಲಿ ಬೆಳ್ಳಕ್ಕಿಗಳಷ್ಟೇ ಇದ್ದವು. ಹೊತ್ತು ಮುಳುಗುವ ತನಕ ಕಾದೆವು. "ಹೋಗ್ಲಿ ಬುಡು, ನೀನಾದ್ರೂ ನೋಡ್ದಲ್ಲ," ಎಂದು ನನ್ನನ್ನೇ ಸಮಾಧಾನ ಮಾಡಿದರು.

ಮಾರನೆಯ ದಿನ ಗುಲಾಬಿ ದಾರದ ರೀಲುಗಳನ್ನೆಲ್ಲ ಅಂಗಡಿ ಬಾಗಿಲ ಬಿಸಿಲಿನಲ್ಲಿ ಸಾಲಾಗಿಟ್ಟರು. "ಫೋಟೊ ಬ್ಯಾಡ. ನಿನ್ ಕಣ್ಣಿಗೆ ಕಂಡಿದ್ದು ಹೇಳು. ಕಾಲು ಇದ್ರಂಗಿತ್ತಾ, ಇದ್ರಂಗಾ?"

ನನಗೆ ಗೊತ್ತಿರಲಿಲ್ಲ. ಮೊಬೈಲಿನ ಪರದೆಯಲ್ಲಿ ಬಿಟ್ಟರೆ ನಾನು ಆ ಹಕ್ಕಿಗಳನ್ನು ನೋಡಿಯೇ ಇರಲಿಲ್ಲ. ಯಾವುದೋ ಒಂದು ರೀಲು ಮುಟ್ಟಿದೆ. ಅವರು ನನ್ನ ಮುಖ ನೋಡಿದರು, ಅವರಿಗೆ ಅರ್ಥವಾಗಿಹೋಯಿತು. ರೀಲುಗಳನ್ನು ಡಬ್ಬಿಗೆ ತುಂಬಿಕೊಂಡರು.

ಆ ಆಷಾಢದಲ್ಲಿ ಎದೆನೋವೆಂದು ತುಮಕೂರಿನ ಆಸ್ಪತ್ರೆಗೆ ಹೋದವರು ಉಳಿಯಲಿಲ್ಲ. ನನ್ನ ಸಂಕಟ ಇವತ್ತಿಗೂ ಹಾಗೇ ಇದೆ.

ಈ ಬೇಸಿಗೆ ಮೂರು ರಾಜಹಂಸ ಬಂದಿದ್ದವು. ಮೊಬೈಲನ್ನು ಸ್ಕೂಟರಿನಲ್ಲೇ ಇಟ್ಟು ನೋಡಿದೆ. ಗುಲಾಬಿಯೇ, ಆದರೆ ಕಾಲಿನ ಗಂಟಿನ ಹತ್ತಿರ ಕೆಂಪು ಜಾಸ್ತಿ. ಅವರು ಕೇಳಿದ್ದು ಇಷ್ಟೇ. ಏರಿಯ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಹಕ್ಕಿಗಳು ಬೆದರಿ ದೂರ ಸರಿದವು.