ಚಿತ್ತೋರದ ಸ್ತಂಭದೊಳಗಿನ ದನಿ

ದೆವ್ವಗಳ ವಿಷಯದಲ್ಲಿ ನನ್ನಷ್ಟು ತಿಳಿದವರು ಕಡಿಮೆ. ಯಾಕೆಂದರೆ ಮೂರು ನಾಲ್ಕನ್ನು ನಾನೇ ಹುಟ್ಟಿಸಿದ್ದೇನೆ. ಮಾಲೇಗಾಂವ್‌ನಲ್ಲಿದ್ದಾಗ ನಮ್ಮ ಬ್ಯಾಂಕಿನ ಹಳೆಯ ಕಡತಗಳ ಕೋಣೆಯಲ್ಲಿ ಕೆಮ್ಮುತ್ತಿದ್ದ ಸತ್ತ ಮುದುಕ ನಾನೇ. ನಾಶಿಕದ ಸಾತಪುರಕ್ಕೆ ವರ್ಗವಾದ ಮೇಲೆ ಮ್ಯಾನೇಜರರ ದನಿಯಲ್ಲಿ ಫೋನು ಮಾಡಿ ಇಡೀ ಶಾಖೆಯನ್ನು ಒಂದು ತಾಸು ಮೊದಲೇ ಮನೆಗೆ ಕಳಿಸಿದವನೂ ನಾನೇ. ಯಾರ ದನಿಯನ್ನಾದರೂ ಎರಡು ದಿನ ಕೇಳಿದರೆ ಮೂರನೇ ದಿನ ಅದು ನನ್ನದು. ಹೆಂಡತಿ ಮಹಾನಂದಾಳ ದನಿಯಂತೂ ಬಾಯಿಪಾಠ. ಸಂಭಾಜಿನಗರದಲ್ಲಿರುವ ಮಗಳು ಸುಜಾತಾಗೆ ಅವಳವ್ವನಾಗಿ ಫೋನಿನಲ್ಲಿ ಎಣ್ಣೆಗಾಯಿ ಮಾಡುವುದನ್ನು ಹೇಳಿಕೊಟ್ಟಿದ್ದೇನೆ. ಎಣ್ಣೆಗಾಯಿ ಕೆಟ್ಟ ಮೇಲೇ ಅವಳಿಗೆ ಗೊತ್ತಾದದ್ದು. ಹೀಗಾಗಿ ಯಾರಾದರೂ ವಿಚಿತ್ರ ಅನುಭವ ಹೇಳಲು ಕೂತರೆ, ಇನ್ನೊಬ್ಬರ ಅಂಗಡಿಯ ಮಾಲು ನೋಡುವವನ ಹಾಗೆ ಕೇಳುತ್ತಿದ್ದೆ. ಈಗ ನನ್ನದೂ ಒಂದಿದೆ. ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ.

ಆಗ ಮಹಾನಂದಾಳ ಮಾತು ನಿಂತು ಹತ್ತು ತಿಂಗಳಾಗಿತ್ತು. ಪಾರ್ಶ್ವವಾಯು ಬಲಗೈ, ಬಲಗಾಲು, ಮಾತು ಮೂರನ್ನೂ ಒಟ್ಟಿಗೆ ಕಸಿದಿತ್ತು. ಎಬ್ಬಿಸಿ ಕೂಡಿಸುವುದು, ಮೈ ಒರೆಸುವುದು, ಉಣಿಸುವುದು ನನಗೆ ರೂಢಿಯಾಗಿತ್ತು, ನನ್ನ ಸೊಂಟಕ್ಕೆ ಮಾತ್ರ ಆಗಿರಲಿಲ್ಲ. ಮಾತು ಬಂದರೆ ಬರಬಹುದು, ಅವಳಿಗೆ ಎಷ್ಟು ತಿಳಿಯುತ್ತದೆಯೋ ಹೇಳಲಾಗದು ಎಂದು ಡಾಕ್ಟರು ಅಂದಿದ್ದರು. ನನಗೆ ಬೇಕಾಗಿದ್ದದ್ದು ಅದೊಂದೇ. ಅವಳು ಒಳಗೆ ಇದ್ದಾಳೋ ಇಲ್ಲವೋ? ನಗಿಸಲು ನನ್ನ ವಿದ್ಯೆಯೆಲ್ಲ ಖರ್ಚು ಮಾಡಿದೆ. ಅವಳ ದನಿಯಲ್ಲೇ ನನ್ನನ್ನು ಬೈದುಕೊಂಡೆ. ಮೊದಮೊದಲು ತುಟಿಯ ಎಡ ಅಂಚು ಅಲುಗುತ್ತಿತ್ತು. ಆಮೇಲೆ ಅದೂ ನಿಂತಿತು.

ಸರ್ವಿಸಿನಲ್ಲಿದ್ದಾಗ, ಬ್ಯಾಂಕೇ ಪ್ರವಾಸದ ಖರ್ಚು ಕೊಡುವ ಎಲ್‌ಟಿಸಿ ರಜೆ ಬಂದಾಗಲೆಲ್ಲ ಅವಳು ಚಿತ್ತೋರದ ಕೋಟೆ ತೋರಿಸಿ ಎನ್ನುತ್ತಿದ್ದಳು. ನಾನು ಹೂಂ ಎಂದು ನಮ್ಮೂರು ಬೀದರಿಗೇ ಕರೆದೊಯ್ಯುತ್ತಿದ್ದೆ. ಕೊನೆಗೆ ಸುಜಾತಾ ಹಟ ಹಿಡಿದಳು. ಸಂಭಾಜಿನಗರದ ಚಿಕಲಠಾಣಾದಲ್ಲಿದ್ದ ತನ್ನ ಕಂಪನಿಗೆ ರಜೆ ಹಾಕಿ ಬಂದು, ಗಾಲಿಕುರ್ಚಿ ಸಮೇತ ನಮ್ಮಿಬ್ಬರನ್ನೂ ರೈಲು ಹತ್ತಿಸಿದಳು.

ಕೋಟೆಯಲ್ಲಿ ಜನರೆಲ್ಲ ದೊಡ್ಡ ವಿಜಯಸ್ತಂಭದ ಕಡೆ. ಗದ್ದಲ ಬೇಡವೆಂದು ನಾವು ಜೈನರ ಕೀರ್ತಿಸ್ತಂಭಕ್ಕೆ ಹೋದೆವು. ವ್ಯಾಪಾರಿಯೊಬ್ಬ ಆದಿನಾಥನಿಗಾಗಿ ಕಟ್ಟಿಸಿದ ಏಳಂತಸ್ತಿನ ಗೋಪುರ ಅದು. ನಡು ಮಧ್ಯಾಹ್ನ. ಗೋಡೆಯ ನಾಲ್ಕೂ ಕಡೆ ನಿಂತ ಕಲ್ಲಿನ ಆದಿನಾಥರು ಅಷ್ಟು ಶತಮಾನ ನಿಂತರೂ ನನ್ನಷ್ಟು ದಣಿದಂತೆ ಕಾಣಲಿಲ್ಲ. ಕುರ್ಚಿಯನ್ನು ಕೆಳಗೆ ನೆರಳಿನಲ್ಲಿ ನಿಲ್ಲಿಸಿ, ಸುಜಾತಾ ಅವ್ವನಿಗೆ ಸೀತಾಫಲದ ಬೀಜ ತೆಗೆದು ತಿನ್ನಿಸುತ್ತಿದ್ದಳು. ನಾನೊಬ್ಬನೇ ಕಟ್ಟೆಯ ಮೆಟ್ಟಿಲು ಹತ್ತಿದೆ. ಬಾಗಿಲ ಸರಳುಗಳಿಗೆ ಬೀಗವಿತ್ತು. ಒಳಗೆ ಕತ್ತಲೆ, ಇಕ್ಕಟ್ಟಾದ ಮೆಟ್ಟಿಲು, ಬಾವಲಿಗಳ ವಾಸನೆ.

ಖಾಲಿ ಜಾಗ ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಸರಳುಗಳಿಗೆ ಮುಖ ಹಚ್ಚಿ ಮಹಾನಂದಾಳ ದನಿಯಲ್ಲಿ ಕೂಗಿದೆ.

“ಏನ್ರೀ, ಸಾಕು ಬರ್ರಿ. ಕಾಲು ನೋಯ್ಲಕತ್ತಾವ.”

ಮಾತು ಮೇಲಕ್ಕೆ ಹೋಗಿ, ತಿರುಗಿ ಬಂದು, ಅಡಗಿತು. ಅದು ಅಡಗಿದ ಮೇಲೆ, ಒಂದು ಉಸಿರಿನಷ್ಟು ಹೊತ್ತು ಬಿಟ್ಟು, ಒಳಗಿನಿಂದ ಅದೇ ದನಿ ಮೆಲ್ಲಗೆ ಹೇಳಿತು.

“ಒದರಬ್ಯಾಡ್ರಿ. ಕೇಳಸ್ತದ ನನಗ.”

ಅಷ್ಟೇ. ಬೇಸತ್ತ ದನಿ. ಅಡುಗೆಮನೆಯಿಂದ ನನಗೆ ಸಾವಿರ ಸಲ ಉತ್ತರ ಕೊಟ್ಟ ದನಿ. ನಾನು ಸರಳು ಹಿಡಿದೇ ಹಿಂದಕ್ಕೆ ನೋಡಿದೆ. ಮಹಾನಂದಾಳ ಬಾಯಿ ತುಂಬ ಸೀತಾಫಲವಿತ್ತು. ಕಣ್ಣು ಮಾತ್ರ ನನ್ನನ್ನು ದಾಟಿ ಬಾಗಿಲನ್ನು ನೋಡುತ್ತಿತ್ತು.

ಕಾವಲುಗಾರನನ್ನು ಕರೆದು ಒಳಗೆ ಯಾರಿದ್ದಾರೆ ಎಂದು ಕೇಳಿದೆ.

“ಕೋಯೀ ನಹೀ, ಬಾಬೂಜಿ. ಚಮಗಾದಡ್ ಹೈ,” ಎಂದ. ಬಾವಲಿಗಳಷ್ಟೇ.

ಕೆಳಗಿಳಿದು ಸುಜಾತಾಗೆ, “ನಿನಗ ಏನಾರ ಕೇಳಿಸ್ತೇನು?” ಎಂದೆ.

“ಕೇಳಿಸ್ತು. ಒಮ್ಮೆ ಆತು, ಮತ್ತೊಮ್ಮೆ ಯಾಕ ಮಮ್ಮೀ ಆವಾಜ್ ತೆಗದ್ರಿ?”

“ಎರಡನೇದು ನಾ ಅಲ್ಲವ್ವ.”

“ಪಪ್ಪಾ, ಪುರೇ ಆತಾ, ಸಾಕಿನ್ನ. ಆಕಿ ಮುಂದ ಹಿಂಥಾ ಮಸ್ಕರಿ ಮಾಡಬ್ಯಾಡ್ರಿ,” ಎಂದು ಮುಖ ತಿರುವಿದಳು. ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು. ಆಣೆ ಮಾಡಬಹುದಿತ್ತು, ಆದರೆ ನನ್ನ ಆಣೆಗಳನ್ನೂ ಅವಳು ಚಿಕ್ಕಂದಿನಿಂದ ಬಲ್ಲಳು.

ಮನೆಗೆ ಬಂದ ಮೇಲೆ ಮಹಾನಂದಾಳನ್ನೇ ಕೇಳಿದೆ, ನಿನಗೂ ಕೇಳಿಸಿತೇ ಎಂದು. ಹೌದೆಂದು ತಲೆಯಾಡಿಸಿದಳು. ಮರುದಿನ ಕೇಳಿದರೆ ಇಲ್ಲವೆಂದು ತಲೆಯಲ್ಲಾಡಿಸಿದಳು. ಈ ಕಾಯಿಲೆಯಲ್ಲಿ ಹೌದು, ಇಲ್ಲ ಅದಲುಬದಲಾಗುತ್ತವೆ, ಅದನ್ನು ನೆಚ್ಚಬೇಡಿ ಎಂದರು ಡಾಕ್ಟರು. ನನಗೂ ಕೆಲವೊಮ್ಮೆ ಅನುಮಾನ ಬರುತ್ತದೆ. ದಣಿದಿದ್ದೆ, ಬಿಸಿಲಿತ್ತು, ನಲವತ್ತು ವರ್ಷ ಅವಳ ದನಿ ಮಾಡಿದ ಗಂಟಲು ನನ್ನನ್ನು ಕೇಳದೆಯೇ ಒಮ್ಮೆ ಮಾಡಿರಬಹುದು. ಆದರೆ ನಾನು ಹಿಡಿದಿದ್ದ ಸರಳು ಆ ಮಾತಿಗೆ ಸಣ್ಣಗೆ ನಡುಗಿತ್ತು, ಅದು ಕೈಯಲ್ಲಿ ಇನ್ನೂ ಇದೆ.

ಆ ಹತ್ತು ತಿಂಗಳೂ ನಾವೆಲ್ಲ ಅವಳೊಡನೆ ಕಿವುಡರೊಡನೆ ಮಾತಾಡುವ ಹಾಗೆ ಕೂಗಿಯೇ ಮಾತಾಡುತ್ತಿದ್ದೆವು. ಈಗ ನಮ್ಮ ಮನೆಯಲ್ಲಿ ಯಾರೂ ಕೂಗುವುದಿಲ್ಲ. ನಾನು ಮ್ಯಾನೇಜರರ ದನಿ ಮಾಡುತ್ತೇನೆ, ತರಕಾರಿಯವನ ದನಿ ಮಾಡುತ್ತೇನೆ. ಅವಳ ದನಿಯನ್ನು ಮಾತ್ರ ಅಂದಿನಿಂದ ಮುಟ್ಟಿಲ್ಲ. ಇನ್ನೊಮ್ಮೆ ಅದು ಕೇಳಿಸಿದರೆ, ನನ್ನದಲ್ಲ ಎಂದು ನನಗಾದರೂ ಗೊತ್ತಾಗಬೇಕು.