ಅಳಿಲಿನ ಪುಟ

ಕೊಡೆ ಟೀಚರಿಗೆ ಸಿಟ್ಟು ಬರಲು ದೊಡ್ಡ ಕಾರಣ ಬೇಕಿರಲಿಲ್ಲ, ಮರಳು ಸಾಕಿತ್ತು. ಸಮುದ್ರಕ್ಕೆ ಬೆನ್ನು ಹಾಕಿ ನಿಂತ ಆ ಪ್ರಾಥಮಿಕ ಶಾಲೆಯ ಎರಡು ಕೋಣೆಗಳಲ್ಲಿ ಮಕ್ಕಳಿಗಿಂತ ಮೊದಲು ಮರಳು ಹಾಜರಿರುತ್ತಿತ್ತು. ಬೆಂಚಿನ ಮೇಲೆ ಮರಳು, ಸೀಮೆಸುಣ್ಣದ ಡಬ್ಬಿಯಲ್ಲಿ ಮರಳು, ಕುಡಿಯುವ ನೀರಿನ ಲೋಟದ ತಳದಲ್ಲೂ ಮರಳು. ಬಿಸಿಲಿಗೂ ಮಳೆಗೂ ಒಂದೇ ಕೊಡೆ ಹಿಡಿದು, ಗಾಳಿಗೆ ಅದು ಮೇಲ್ಮುಖವಾಗಿ ಮಗುಚಿಕೊಂಡಾಗ ಅದಕ್ಕೇ ಬೈಯುತ್ತ ಬರುವುದನ್ನು ನೋಡಿ ದಡದ ಜನ ಆಕೆಗೆ ಆ ಹೆಸರಿಟ್ಟಿದ್ದರು. ಮನೆಯಲ್ಲಿ ಹಾಸಿಗೆ ಕೊಡವುವಾಗಲೆಲ್ಲ ಗಂಡ, "ನಿನ್ ಶಾಲೆ ಇಲ್ಲಿಗೂ ಬಂದಿದೆ ನೋಡು, ಹಾಜರಿ ಹಾಕ್ಕೋ" ಎಂದು ಕೆಣಕುತ್ತಿದ್ದ. ಆತ ದರ್ಜಿ. ಅವನ ಹೊಲಿಗೆ ಯಂತ್ರಕ್ಕೂ ಮರಳು ಹೊಕ್ಕು ಅದು ಕೆಮ್ಮುತ್ತಿತ್ತು.

ಮರಳಿನ ಸಿಟ್ಟು ಮೇಲಿನದು. ಒಳಗೆ ಇನ್ನೊಂದು ಸಿಟ್ಟಿತ್ತು, ಅದನ್ನು ಗುಡಿಸಿ ಹೊರಹಾಕಲು ಆಗುತ್ತಿರಲಿಲ್ಲ. ಒಂದು ಸಂಜೆ ಐಸ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಔಷಧಿಯ ಬಾಟಲಿ ಹಿಡಿದು ಬಂದಳು. ಮಗುವಿಗೆ ಎಷ್ಟು ಚಮಚ ಕುಡಿಸಬೇಕೆಂದು ಓದಿ ಹೇಳಬೇಕಿತ್ತು. ಟೀಚರ್ ಅವಳ ಮುಖವನ್ನೇ ನೋಡಿದರು.

"ನೀನು ನನ್ನ ಹತ್ರಾನೇ ಕಲ್ತೋಳಲ್ವೇನೇ?"

"ಹೌದು ಟೀಚರ್. ಆವಾಗ ಬರ್ತಿತ್ತು."

ಆವಾಗ ಬರುತ್ತಿತ್ತು ಎಂಬ ಮಾತನ್ನು ಆ ದಡದಲ್ಲಿ ಟೀಚರ್ ಎಷ್ಟು ಬಾಯಲ್ಲಿ ಕೇಳಿದ್ದರೋ. ತಾವು ಕಲಿಸಿದ ಹುಡುಗರು ದೋಣಿ ಏರುತ್ತಿದ್ದರು, ಹುಡುಗಿಯರು ಮೀನಿನ ಬುಟ್ಟಿ ಹೊರುತ್ತಿದ್ದರು, ನಾಲ್ಕು ಮಳೆಗಾಲ ಕಳೆಯುವುದರೊಳಗೆ ಓದು ಹೇಳಹೆಸರಿಲ್ಲದೆ ಹೋಗುತ್ತಿತ್ತು. ಅಂದರೆ ಅದು ಬಂದೇ ಇರಲಿಲ್ಲ. ಪದ್ಯವಾಗಿ ಬಾಯಿಗೆ ಬಂದಿತ್ತು, ಕಣ್ಣಿಗೆ ಬಂದಿರಲಿಲ್ಲ. ಇಷ್ಟು ವರ್ಷ ಹೂಂ ಹೂಂ ಎಂದು ತಲೆಯಾಡಿಸಿಕೊಂಡು ಬಂದ ಟೀಚರಿಗೆ ಇದು ಹೊಳೆದದ್ದು ನಿವೃತ್ತಿಯ ಹೊಸ್ತಿಲಲ್ಲಿ ನಿಂತಾಗ. ಈಗ ಮೂರನೇ ತರಗತಿಯಲ್ಲಿರುವವರೇ ಅವರ ಕೊನೆಯ ಮಕ್ಕಳು. ಇವರಾದರೂ ನಿಜವಾಗಿ ಓದಬೇಕು, ಔಷಧಿಯ ಬಾಟಲಿ ಹಿಡಿದು ಯಾರ ಮನೆ ಬಾಗಿಲಿಗೂ ಹೋಗಬಾರದು. ಬೇರೇನೂ ಅವರಿಗೆ ಬೇಡವಾಗಿತ್ತು.

ಆ ವರ್ಷ ಇಲಾಖೆಯೂ ಪ್ರತಿ ಶಾಲೆ ಒಂದು ಕಲಿಕಾ ಗುರಿ ಇಟ್ಟುಕೊಳ್ಳಬೇಕೆಂದು ಹೇಳಿತು. ಗುರಿ ಮುಟ್ಟಿದ ಶಾಲೆಗೆ ಸುತ್ತ ಕಾಂಪೌಂಡ್ ಕಟ್ಟಿಸಿಕೊಡುತ್ತಾರಂತೆ. ಕಾಂಪೌಂಡ್ ಬಂದರೆ ಮರಳು ನಿಲ್ಲುತ್ತದೆ. ಟೀಚರ್ ಊರವರನ್ನು ಕರೆದು ಕೂರಿಸಿಕೊಂಡು ವಿಷಯ ಹೇಳಿದರು. ದೋಣಿಗೆ ಬಣ್ಣ ಬಳಿಯುವವನು ಶಾಲೆಯ ಮುಂಗೋಡೆಯ ಮೇಲೆ "ನಮ್ಮ ಗುರಿ: ಮೂರನೇ ತರಗತಿಯ ಪ್ರತಿ ಮಗುವೂ ಓದಬೇಕು" ಎಂದು ನೀಲಿ ಬಣ್ಣದಲ್ಲಿ ಬರೆದುಕೊಟ್ಟ. ಅವನಿಗೆ ಓದಲು ಬಾರದು. ಚೀಟಿಯಲ್ಲಿದ್ದ ಅಕ್ಷರವನ್ನು ಚಿತ್ರದ ಹಾಗೆ ನೋಡಿ ಇಳಿಸುತ್ತಿದ್ದ, ದೋಣಿಗಳ ಹೆಸರನ್ನೆಲ್ಲ ಬರೆದದ್ದೂ ಹಾಗೆಯೇ. ಬರೆದ ಮೇಲೆ ಕೈ ಸುಮ್ಮನಿರದೆ, ದೋಣಿಯ ಮೂತಿಗೆ ಇಡುವ ಹಾಗೆ ಎರಡೂ ತುದಿಗೆ ಒಂದೊಂದು ಮೀನಿನ ಕಣ್ಣು ಇಟ್ಟ.

"ಇದ್ಯಾಕೋ?" ಎಂದರು ಟೀಚರ್.

"ದಾರಿ ತಪ್ಪಬಾರ್ದಲ್ಲ ಟೀಚರ್, ಅದಕ್ಕೆ."

ಆ ದಡದಲ್ಲಿ ಒಂದು ರೂಢಿಯಿತ್ತು. ದೊಡ್ಡ ಬಲೆಯನ್ನು ದಡಕ್ಕೆ ಎಳೆಯುವಾಗ ಯಾರೂ ಪಕ್ಕದಲ್ಲಿ ನಿಂತು ನೋಡುವ ಹಾಗಿಲ್ಲ. ಮುದುಕರು, ಬಸುರಿಯರು, ಹಾಲುಹಲ್ಲಿನ ಮಕ್ಕಳು, ಎಲ್ಲರೂ ಹಗ್ಗಕ್ಕೆ ಕೈ ಹಾಕಬೇಕು. ಬಲವಿಲ್ಲದವರು ಸುಮ್ಮನೆ ಮುಟ್ಟಿಕೊಂಡಿದ್ದರೂ ಸಾಕು, ಪಾಲು ಎಲ್ಲರಿಗೂ ಸಮ. ಎಳೆತಕ್ಕೆ ತಾಳ ಕೂಗುವವಳು ಹಗ್ಗದಜ್ಜಿ. ಅವಳು ಒಂದು ಸಾಲು ಕೂಗಿದರೆ ಉಳಿದವರು ಮರುನುಡಿದು ಎಳೆಯಬೇಕು. ಗುರಿ ಗೋಡೆಯ ಮೇಲೆ ಬಂತೆಂದರೆ ಅದೂ ಊರಿನ ಬಲೆಯೇ ಎಂದು ಅಜ್ಜಿ ಅಂದುಕೊಂಡಳು. ಟೀಚರ ಬಳಿ ಬಂದು, "ಮಕ್ಕಳಿಗೆ ಏನ್ ಓದಿಸ್ಬೇಕು ಕೊಡಿ, ನಾವೂ ಕೈ ಹಾಕ್ತೀವಿ" ಎಂದಳು. ಟೀಚರಿಗೆ ಎದೆ ತುಂಬಿ ಬಂತು. ಮನೆಯಲ್ಲಿ ರೂಢಿ ಮಾಡಿಸಲೆಂದು ಇಲಾಖೆ ಕಳಿಸಿದ್ದ ಮಾದರಿ ಪುಟವೊಂದಿತ್ತು, ಅಳಿಲಿನ ಕಥೆ. ಓದು ಬಾರದ ಅಜ್ಜಿ ಶಾಲೆಯ ಇನ್ನೊಬ್ಬ ಶಿಕ್ಷಕರಾದ ಚಿಕ್ಕ ಮೇಷ್ಟ್ರ ಬಾಯಿಂದ ಅದನ್ನು ಎರಡು ಸಲ ಕೇಳಿಸಿಕೊಂಡು ಹೋದಳು.

ಕೆಲವೇ ವಾರಗಳಲ್ಲಿ ಮಕ್ಕಳು ಅಳಿಲಿನ ಪುಟವನ್ನು ಅರಳು ಹುರಿದಂತೆ ಓದತೊಡಗಿದರು. ಹಗ್ಗದಜ್ಜಿಯ ಮೊಮ್ಮಗನಂತೂ ಉಸಿರು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಟೀಚರಿಗೆ ಖುಷಿಯೋ ಖುಷಿ. ಆಮೆ ಎಂದು ಕರೆಸಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಮಾತ್ರ ಬೆರಳಿಟ್ಟುಕೊಂಡು ಅಕ್ಷರ ಅಕ್ಷರವಾಗಿ ತಡವುತ್ತಿದ್ದಳು. ಔಷಧಿಯ ಬಾಟಲಿ ತಂದಿದ್ದವಳ ಮಗಳು. ತಾಯಿಯ ಜೊತೆ ಐಸ್ ಕಾರ್ಖಾನೆಯಲ್ಲಿ ಕೂತಿರುತ್ತಿದ್ದರಿಂದ ಅವಳು ಬಲೆ ಎಳೆಯಲು ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಟೀಚರ್ ದಡದ ಹಾದಿಯಾಗಿ ಬರುತ್ತಿದ್ದರು. ಜನ ಬಲೆ ಎಳೆಯುತ್ತಿದ್ದರು.

"ಅಳಿಲು ಮರ ಹತ್ತಿತು" ಎಂದು ಹಗ್ಗದಜ್ಜಿ ಕೂಗಿದಳು.

"ಹತ್ತಿತು ಹತ್ತಿತು" ಎಂದು ಇಡೀ ದಡ ಹಿಂದಕ್ಕೆ ವಾಲಿತು.

"ಕೆಂಪು ಹಣ್ಣ ಕಚ್ಚಿತು."

"ಕಚ್ಚಿತು ಕಚ್ಚಿತು."

ಟೀಚರ್ ಅಲ್ಲಿಂದ ಬಿರಬಿರನೆ ನಡೆದರು. ಶಾಲೆಗೆ ಹೋದವರೇ ಪುಸ್ತಕ ತೆಗೆಸಿ, ಅಜ್ಜಿಯ ಮೊಮ್ಮಗನ ಕೈಗೆ ನಾಯಿಯ ಪಾಠದ ಪುಟ ಕೊಟ್ಟರು. ಅವನು ನಾಯಿಯ ಚಿತ್ರವನ್ನು ನೋಡಿಕೊಂಡೇ ಅಳಿಲನ್ನು ಮರ ಹತ್ತಿಸಿದ. ಮುಂದಿನವಳೂ ಹತ್ತಿಸಿದಳು. ಆಮೆಯ ಸರದಿ ಬಂದಾಗ ಅವಳು ಬೆರಳಿಟ್ಟು, "ನಾ… ಯಿ… ನಾಯಿ… ಬಾ… ಲ… ಬಾಲ" ಎಂದು ಶುರು ಮಾಡಿದಳು. ಒಂದು ಸಾಲು ಮುಗಿಯುವಷ್ಟರಲ್ಲಿ ಉಳಿದವರು ಆಕಳಿಸುತ್ತಿದ್ದರು. ಟೀಚರ್ ಮಾತ್ರ ಕುರ್ಚಿಯ ತುದಿಗೆ ಬಂದು ಕೂತಿದ್ದರು.

ಅಂದು ಸಂಜೆಯೇ ಜನರನ್ನು ಕರೆಸಿ, ಇದು ಓದಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದರು. ಜನಕ್ಕೆ ಬೇಸರವಾಯಿತು.

"ಒಂದಕ್ಷರ ತಪ್ಪಿಲ್ವಲ್ಲ ಟೀಚರ್" ಎಂದಳು ಹಗ್ಗದಜ್ಜಿ. "ಗಂಟಲು ಹರ್ಕೊಂಡು ಕಲ್ಸಿದೀವಿ. ಇನ್ನೇನ್ ಮಾಡ್ಬೇಕಿತ್ತು ನಾವು?"

"ನೀವು ಕಲಿಸ್ಬೇಡಿ ಅಂತಲ್ಲ ಅಜ್ಜಿ. ಅವರಿಗೆ ಬೇರೆ ಪುಟ ಓದಕ್ಕೆ ಬರಲ್ಲ."

"ಬೇರೆ ಪುಟಾನೂ ಕೊಡಿ. ಅದನ್ನೂ ಎಳೀತೀವಿ."

ಟೀಚರ್ ತಲೆ ಚಚ್ಚಿಕೊಂಡರು. ಆ ಅಜ್ಜಿಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಮೈಮುರಿದು ಕೆಟ್ಟದ್ದು ಮಾಡಿದವರನ್ನು ಬೈಯಬಹುದು, ಮೈಮುರಿದು ಒಳ್ಳೆಯದು ಮಾಡಿ ಕೆಡಿಸಿದವರನ್ನು ಯಾವ ಬಾಯಲ್ಲಿ ಬೈಯುವುದು?

ಇಲಾಖೆಯ ಅಧಿಕಾರಿ ಬಂದ ದಿನ ಕೈಯಲ್ಲಿ ಗಡಿಯಾರ ಹಿಡಿದು ಕೂತರು. ಇಟ್ಟದ್ದು ಅದೇ ಅಳಿಲಿನ ಪುಟ. ಮಕ್ಕಳು ಒಬ್ಬರ ಹಿಂದೊಬ್ಬರು ಬಂದು ಗಳಗಳ ಒದರಿ ಹೋದರು. ಅಧಿಕಾರಿ ಹುಬ್ಬೇರಿಸಿ ತಲೆದೂಗಿದರು. ಕೊನೆಗೆ ಬಂದ ಆಮೆಯ ಓದಿನಲ್ಲಿ ಅಳಿಲು ಮರದ ಬುಡಕ್ಕೆ ಬರುವಷ್ಟರಲ್ಲಿ ಅವರ ಗಡಿಯಾರ ಸಮಯ ಮುಗಿಯಿತೆಂದಿತು.

"ಈ ಮಗೂಗೆ ಓದಕ್ಕೆ ಬರಲ್ಲ" ಎಂದು ಅವರು ಬರೆದುಕೊಂಡರು. "ವಾಪಸ್ ಎರಡನೇ ತರಗತೀಲಿ ಕೂರಿಸಿ. ಮಿಕ್ಕೋರು ಅದ್ಭುತ."

"ಸಾರ್, ಓದಕ್ಕೆ ಬರೋದು ಇವಳೊಬ್ಬಳಿಗೇ" ಎಂದರು ಟೀಚರ್. "ದಯವಿಟ್ಟು ಬೇರೆ ಪುಟ ಇಟ್ಟು ನೋಡಿ."

ಪಕ್ಕದಲ್ಲಿದ್ದ ಚಿಕ್ಕ ಮೇಷ್ಟ್ರು ಸೆರಗು ಜಗ್ಗುವುದೊಂದು ಬಾಕಿ, ಕಣ್ಣಲ್ಲೇ ಬೇಡಿಕೊಂಡರು. ಅಧಿಕಾರಿ ನಕ್ಕರು.

"ಬೇರೆ ಪುಟ ಕೊಟ್ಟಿಲ್ವಲ್ಲ ಟೀಚರ್ ನನಗೆ. ಇದೊಂದೇ. ನೀವು ತುಂಬ ಕಟ್ಟುನಿಟ್ಟು ಅಂತ ಕೇಳಿದ್ದೆ, ಮಕ್ಕಳು ಇಷ್ಟು ಚೆನ್ನಾಗಿ ಓದಿದ್ರೂ ಸಮಾಧಾನ ಇಲ್ವಾ?"

ಆಮೆಯೊಬ್ಬಳನ್ನು ಕೆಳಗಿಳಿಸಿ ಶಾಲೆ ಗುರಿ ಮುಟ್ಟಿತು. ದಡದಲ್ಲಿ ಸಂಭ್ರಮವೋ ಸಂಭ್ರಮ. ಐಸ್ ಕಾರ್ಖಾನೆಯ ಹೆಂಗಸು ಸಂಜೆ ಬಂದು ಬಾಗಿಲಲ್ಲೇ ನಿಂತಳು.

"ನನ್ ಮಗಳೊಬ್ಬಳೇ ದಡ್ಡಿನಾ ಟೀಚರ್?"

"ಅಲ್ಲ ಕಣೇ" ಎಂದರು ಟೀಚರ್. ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಊರೆಲ್ಲ ಒಂದು ಮಾತು ಹೇಳುವಾಗ ಒಬ್ಬ ಟೀಚರ ಮಾತನ್ನು ಯಾರು ನಂಬುತ್ತಾರೆ? ಆ ಹೆಂಗಸು ಸೆರಗಿನಲ್ಲಿ ಮೂಗೊರೆಸಿಕೊಂಡು ಹೊರಟುಹೋದಳು. ಟೀಚರಿಗೆ ಮೈಯೆಲ್ಲ ಉರಿಯಿತು.

ಮರುದಿನ ಗೋಡೆಯ ಮೇಲೆ ಗುರಿಯ ಕೆಳಗೆ "ಗುರಿ ಮುಟ್ಟಿದೆ" ಎಂದು ಬರೆಯಲು ಬಣ್ಣದವನು ಬಂದ. ಅವನ ಹಿಂದೆ ಹಗ್ಗದಜ್ಜಿ, ಹೆಂಗಸರು, ಮಕ್ಕಳು. ಓದು ಬಲ್ಲ ಒಬ್ಬಿಬ್ಬರು ಗಂಡಸರು ಕಡಲಲ್ಲಿದ್ದರು.

"ಚೀಟಿ ಕೊಡಿ ಟೀಚರ್" ಎಂದ ಬಣ್ಣದವನು.

ಟೀಚರ್ ಒಳಗೆ ಹೋಗಿ ಚೀಟಿ ಬರೆದು ತಂದು ಕೊಟ್ಟರು. ಅವನು ನಾಲಿಗೆಯ ತುದಿ ಕಚ್ಚಿಕೊಂಡು, ಒಂದೊಂದೇ ಅಕ್ಷರವನ್ನು ಗೋಡೆಗೆ ಇಳಿಸಿದ. ಚಿಕ್ಕ ಮೇಷ್ಟ್ರು ಹೊರಗೆ ಬಂದವರು ಗೋಡೆ ನೋಡಿದರು, ಟೀಚರ ಮುಖ ನೋಡಿದರು, ಆಮೇಲೆ ತಮ್ಮ ಚಪ್ಪಲಿಯನ್ನೇ ನೋಡುತ್ತ ನಿಂತರು. ಬಣ್ಣದವನು ಕೊನೆಗೆ ಮೀನಿನ ಕಣ್ಣನ್ನೂ ಇಟ್ಟು ಹಿಂದೆ ಸರಿದ. ಜನ ಚಪ್ಪಾಳೆ ತಟ್ಟಿದರು.

"ಓದ್ರೋ ಮಕ್ಕಳಾ" ಎಂದಳು ಹಗ್ಗದಜ್ಜಿ.

"ಗುರಿ ಮುಟ್ಟಿದೆ" ಎಂದು ಮಕ್ಕಳು ಒಕ್ಕೊರಲಿನಿಂದ ಕೂಗಿದರು.

ಗುಂಪಿನ ಹಿಂದೆ ತಾಯಿಯ ಸೊಂಟಕ್ಕೆ ಅಂಟಿಕೊಂಡಿದ್ದ ಆಮೆ ಮುಂದೆ ಬಂದಳು. ಬೆರಳನ್ನು ಗಾಳಿಯಲ್ಲೇ ಅಕ್ಷರದಿಂದ ಅಕ್ಷರಕ್ಕೆ ಸರಿಸಿದಳು.

"ಗು… ರಿ… ಗುರಿ. ಮು… ಟ್ಟಿ… ಲ್ಲ. ಮುಟ್ಟಿಲ್ಲ." ಟೀಚರ ಕಡೆ ತಿರುಗಿದಳು. "ಮುಟ್ಟಿಲ್ಲ ಅಂತಿದೆ ಟೀಚರ್."

"ಸುಮ್ನಿರೇ" ಎಂದು ಹಗ್ಗದಜ್ಜಿ ಗದರಿದಳು. ಚಿಕ್ಕ ಮೇಷ್ಟ್ರ ಕಡೆ ನೋಡಿದಳು. ಅವರು ತಲೆ ಎತ್ತಲಿಲ್ಲ. ಟೀಚರಿಗೆ ಗೆದ್ದೆನೆಂಬ ಸುಖವೇನೂ ಆಗಲಿಲ್ಲ.

ಅಜ್ಜಿ ಮೊಮ್ಮಗನ ಎರಡೂ ಭುಜ ಹಿಡಿದು ಗೋಡೆಯ ಮುಂದೆ ತಂದು ನಿಲ್ಲಿಸಿದಳು.

"ನೀನು ಓದು ಮಗಾ. ಎಲ್ಲರಿಗಿಂತ ಚೆನ್ನಾಗಿ ಓದಿದೋನು ನೀನು. ಅಲ್ಲಿ ಏನಿದೆ, ಅದನ್ನೇ ಓದು."

ಹುಡುಗ ಗೋಡೆ ನೋಡಿದ. ಹಸಿ ಬಣ್ಣ ಮಿನುಗುತ್ತಿತ್ತು. ಅಜ್ಜಿಯ ಮುಖ ನೋಡಿದ, ಮತ್ತೆ ಗೋಡೆ ನೋಡಿದ, ತುಟಿ ಒದ್ದೆ ಮಾಡಿಕೊಂಡ. ಆಮೇಲೆ ಕೈಕಟ್ಟಿ ನೆಟ್ಟಗೆ ನಿಂತು, ಕಲಿಸಿದ ತಾಳದಲ್ಲೇ ಶುರು ಮಾಡಿದ.

"ಅಳಿಲು ಮರ ಹತ್ತಿತು."

ಹತ್ತಿತು ಹತ್ತಿತು ಎಂದು ಮರುನುಡಿಯಲು ಯಾರೂ ಬಾಯಿ ತೆರೆಯಲಿಲ್ಲ.