ಬಿಳಿ ಇಲಿಯ ಬಾಣಂತನ

ಹೆತ್ತ ತಾಯಿ ತನ್ನ ಮರಿಯನ್ನೇ ತಿನ್ನಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ನರಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ ಚಹಾದ ಪೆಟ್ಟಿಗೆಯ ಮುಚ್ಚಳ ತೆಗೆದವಳು ಹಾಗೇ ನಿಂತುಬಿಟ್ಟೆ. ಹಿಂದಿನ ಸಂಜೆ ಅದರೊಳಗೆ ಬಿಳಿ ಇಲಿಯ ಐದು ಹೊಸ ಮರಿ ಇದ್ದವು. ಈಗ ಎರಡು.

ಐವತ್ತರ ದಶಕದ ಒಂದು ಬೇಸಿಗೆ, ನನಗೆ ಹದಿಮೂರು. ಬೆಳಗಾವಿಯ ಕಾನ್ವೆಂಟಿನಿಂದ ಸಮರ್ ವೆಕೇಶನ್‌ಗೆ ಹೊರಟಾಗ ಸಾಯನ್ಸ್ ಕಲಿಸುವ ಸಿಸ್ಟರ್ ಒಂದು ಜೋಡಿ ಬಿಳಿ ಇಲಿಗಳನ್ನು ನನಗೆ ಒಪ್ಪಿಸಿದ್ದರು. ಹೆಣ್ಣು ಬಸುರಿ. "ಹೆರುವ ಮೊದಲೇ ಗಂಡನ್ನು ಬೇರೆ ಇಡು, ಷಿ ಮಸ್ಟ್ ರೆಸ್ಟ್," ಎಂದು ಎರಡೆರಡು ಸಲ ಹೇಳಿದ್ದರು. ನಮ್ಮದು ಕಾಳಿನ ವ್ಯಾಪಾರದ ಮನೆ. "ನಾವು ಇಲಿ ಹಿಡದು ಹಿಡದು ಸಾಕಾಗಿ ಕುಂತೀವಿ, ಇಕಿ ಸಾಲಿಯಿಂದ ಹೊತಗೊಂಡ ಬಂದಾಳ ನೋಡ್ರಿ!" ಎಂದು ಕಾಕಾ ನಕ್ಕಿದ್ದ.

ಮೊದಲ ಹೆರಿಗೆ ಚೆನ್ನಾಗಿಯೇ ಆಯಿತು. ಹತ್ತು ಮರಿ. ಪಕ್ಕದ ಡಬ್ಬಿಯಲ್ಲಿ ಗಂಡು ತಂತಿಯ ಜಾಳಿಗೆ ಕೆರೆಯುತ್ತಲೇ ಇತ್ತು. ಪಾಪ, ಫಾದರ್ ತನ್ನ ಬೇಬೀಸ್ ನೋಡಬೇಡವೇ? ನಮ್ಮ ಇಂಗ್ಲಿಷ್ ರೀಡರಿನ ಚಿತ್ರಗಳಲ್ಲಿ ಇಡೀ ಫ್ಯಾಮಿಲಿ ಒಂದೇ ಟೇಬಲ್ಲಿಗೆ ಕುಳಿತಿರುತ್ತಿತ್ತು. ಅದೇ ಸಂಜೆ ಗಂಡನ್ನು ಒಳಗೆ ಬಿಟ್ಟೆ.

ನಾಲ್ಕು ವಾರ ತುಂಬುವ ಮೊದಲೇ ಹೆಣ್ಣು ಮತ್ತೆ ಹೆತ್ತಿತ್ತು, ಈ ಸಲ ಐದೇ ಮರಿ. ಮೈಗೂದಲು ಹಳದಿಗಟ್ಟಿ, ಬೆನ್ನಿನ ಎಲುಬು ಎದ್ದು ಕಾಣುತ್ತಿತ್ತು. ಎರಡೇ ಉಳಿದದ್ದನ್ನು ಕಂಡ ನನ್ನ ಚೀರಾಟಕ್ಕೆ ಅಜ್ಜಿ ಓಡಿಬಂದಳು.

"ಗಂಡನ್ನ ಯಾವಾಗ ಬಿಟ್ಟಿದ್ದಿ?"

"ಹಡದ ದಿನಾನ."

"ಅಯ್ಯ ನಿನ್ನ! ಹಸೀ ಬಾಣಂತಿ ಹತ್ರ ಗಂಡನ್ನ ಬಿಡತಾರೇನ? ಇಂಗ್ಲೀಷ್ ಸಾಲ್ಯಾಗ ಇದನ್ನ ಕಲಿಸ್ಯಾರ? ಮೈಯಾಗ ಕಸುವಿಲ್ಲ, ಮಲ್ಯಾಗ ಹಾಲಿಲ್ಲ. ಅದಾದ್ರೂ ಏನ್ ಮಾಡೀತು?"

ಅಜ್ಜಿ ಗಂಡನ್ನು ಡಬ್ಬಿಗೆ ಹಾಕಿದಳು. ದೊಡ್ಡ ಮರಿಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಮಾಡಿಸಿದಳು. ಕತ್ತಲ ಮೂಲೆಯಲ್ಲಿ ಜೋಳದ ದಂಟಿನ ಒಣ ಎಲೆ, ರವದಿ, ಹಾಸಿ ತಾಯಿಯನ್ನು ಮಲಗಿಸಿದಳು. ಬಾಣಂತಿಯರಿಗೆ ಕೊಡುವ ಅಳವಿ ಪಾಯಸವನ್ನು ಚಮಚದಲ್ಲಿ ಅದರ ಬಾಯಿಗೆ ಹಿಡಿದಳು. "ಇನ್ನ ಐದ ತಿಂಗಳ ಇದು ಗಂಡನ ಮಾರಿ ನೋಡಬಾರದು. ಇಲಿಯಾದ್ರೇನು, ಬಾಣಂತಿ ಅಂದ್ರ ಬಾಣಂತಿ."

ಅಲ್ಲೇ ಕಾಕಾನ ಹೆಂಡತಿ, ನನ್ನ ಚಿಗವ್ವ, ಮೂರನೆಯ ಕೂಸಿಗೆ ಮೊಲೆಯೂಡುತ್ತ ಜೋಳ ಹಸನು ಮಾಡುತ್ತಿದ್ದಳು. ಮೂರೂವರೆ ವರ್ಷದಲ್ಲಿ ಮೂರು ಹೆರಿಗೆ. ಈ ಸಲವಂತೂ ಮನೆಗೆಲಸಕ್ಕೆ ಕೈ ಸಾಲದೆಂದು ಅಜ್ಜಿ ಒಂದೇ ತಿಂಗಳಿಗೆ ಅವಳನ್ನು ಗಜೇಂದ್ರಗಡದ ತವರಿನಿಂದ ಕರೆಸಿಕೊಂಡಿದ್ದಳು. ಅಜ್ಜಿಯ ಎದುರು ಚಿಗವ್ವ ದನಿ ಎತ್ತಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವಳು ಮೊರದಿಂದ ತಲೆ ಎತ್ತದೆ ಕೇಳಿದಳು:

"ಅತ್ತೀ, ಆ ಪೆಟ್ಟಿಗ್ಯಾಗ ನನಗೂ ಒಂದೀಟ ಜಾಗಾ ಆಗತೈತೇನ್ರಿ?"

ನಾನು ಕಿಸಕ್ಕನೆ ನಕ್ಕೆ. ಬೇರೆ ಯಾರೂ ನಗಲಿಲ್ಲ. ಚಿಗವ್ವನ ಕೊರಳ ಕೆಳಗಿನ ಎಲುಬು ಇಲಿಯ ಬೆನ್ನಿನ ಹಾಗೆಯೇ ಎದ್ದಿರುವುದನ್ನು ಆಗ ಕಂಡೆ. ದಿನಾ ಒಂದೇ ಒಲೆಯ ಮುಂದೆ ಕುಳಿತು ಉಣ್ಣುತ್ತಿದ್ದೆವು, ಐ ಹ್ಯಾಡ್ ನೆವರ್ ಲುಕ್ಡ್. ಮರಿಗಳು ಕಾಣೆಯಾದದ್ದಕ್ಕಿಂತ ಅದೇ ನನಗೆ ದೊಡ್ಡ ಶಾಕ್. ಅಜ್ಜಿಯ ಚಮಚ ಗಾಳಿಯಲ್ಲೇ ನಿಂತಿತ್ತು. ಅವಳು ಎದ್ದು ಒಳಗೆ ಹೋದಳು.

ಮಧ್ಯಾಹ್ನ ಕಾಕಾನ ತಾಟಿಗೆ ರೊಟ್ಟಿ ಹಾಕುತ್ತ ಅಜ್ಜಿ ಅಂದಳು: "ಅಂಗಡ್ಯಾಗ ಇಲಿ ಭಾಳ ಆಗ್ಯಾವ. ಇವತ್ತಿಂದ ನೀ ಅಲ್ಲೇ ಮಲ್ಕೋ."

"ಬೋನ ಇಟ್ಟೀನಲ್ಲಬೇ ಯವ್ವಾ?"

"ಬೋನಿಗೆ ಬೀಳದ ಇಲಿನೂ ಇರತಾವ. ಸುಮ್ನ ಉಣ್ಣು."

ಮರುದಿನದಿಂದ ಅಳವಿ ಪಾಯಸ ಎರಡು ಬಟ್ಟಲಲ್ಲಿ ಬರತೊಡಗಿತು, ಒಂದು ಸಣ್ಣದು, ಒಂದು ದೊಡ್ಡದು. ರಜೆ ಮುಗಿಯುವ ಹೊತ್ತಿಗೆ ಇಲಿಯ ಮೈ ತುಂಬಿಕೊಂಡಿತ್ತು. ಬೆಳಗಾವಿಗೆ ಮರಳಿದಾಗ ಸಿಸ್ಟರ್ ಅದರ ಬೆನ್ನು ಸವರಿ "ಗುಡ್ ಗರ್ಲ್" ಎಂದರು. ನಾನು ತಲೆ ತಗ್ಗಿಸಿದೆ.

ಚಿಗವ್ವನ ಮೂರನೆಯ ಮಗುವಿಗೂ ನಾಲ್ಕನೆಯದಕ್ಕೂ ನಾಲ್ಕು ವರ್ಷದ ಅಂತರ. ಅಜ್ಜಿ ಹೇಳುತ್ತಿದ್ದಂತೆ, ಅಷ್ಟು ದಿನವೂ ನಮ್ಮ ಅಂಗಡಿಯಲ್ಲಿ ಇಲಿ ಕಡಿಮೆಯಾಗಿರಲಿಲ್ಲ.